ಕೊಕ್ಕರೆ ಗುರುತಿನ ಮಹದೇವ್

ಕುರುಬರಹಳ್ಳಿಯ ಮಹದೇವನಿಗೆ ಐವತ್ನಾಲ್ಕು ವರ್ಷ ತುಂಬುವವರೆಗೆ ಯಾರೂ ಅವನ ಅಭಿಪ್ರಾಯ ಕೇಳಿರಲಿಲ್ಲ. ಶಾಲೆಗೆ ಸೇರಿಸುವಾಗ ಅಪ್ಪ ಕೇಳಲಿಲ್ಲ. ಮದುವೆ ಮಾಡುವಾಗ ಸೋದರಮಾವ ಕೇಳಲಿಲ್ಲ. ಮಗಳಿಗೆ ಹೆಸರಿಡುವ ದಿನ ತೊಟ್ಟಿಲ ಸುತ್ತ ನಿಂತ ಹೆಂಗಸರು ಅವನನ್ನು ಬಾಳೆಹಣ್ಣು ತರೋಕೆ ಕಳಿಸಿ, ಅವನು ಚಿಪ್ಪು ಹಿಡಿದು ವಾಪಸ್ ಬರುವಷ್ಟರಲ್ಲಿ ಶರಣ್ಯಾ ಅಂತ ಕೂಗಿ ಮುಗಿಸಿದ್ದರು. ಹೆಸರು ಚೆನ್ನಾಗೇ ಇತ್ತು, ಆ ಮಾತು ಬೇರೆ. ಮಾಗಡಿ ರಸ್ತೆಯ ಊದುಬತ್ತಿ ಫ್ಯಾಕ್ಟರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅವನು ಸ್ಟೋರ್ ಕೀಪರ್. ಅಲ್ಲೂ ಅಷ್ಟೆ, ಎಷ್ಟು ಡಬ್ಬ ಉಳಿದಿದೆ ಅಂತ ಕೇಳುತ್ತಿದ್ದರೇ ಹೊರತು ಯಾವ ಬತ್ತಿ ಘಮ ಚೆನ್ನಾಗಿದೆ ಅಂತ ಯಾರೂ ಕೇಳಿದವರಲ್ಲ.

ಇಂಥ ಮನುಷ್ಯನ ಮೈಮೇಲೆ ಒಂದು ಕೊಕ್ಕರೆ ಬಂದು ಕೂತಿತು. ಕೂರಿಸಿದವಳು ಅವನ ಹೆಂಡತಿ ವರಲಕ್ಷ್ಮಿ. ವಿಜಯನಗರ ಮಾರ್ಕೆಟ್ಟಿನ ಫುಟ್‌ಪಾತಿನಲ್ಲಿ ಒಂದು ಟೀ ಶರ್ಟ್ ತಗೊಂಡರೆ ಇನ್ನೊಂದು ಫ್ರೀ ಅಂತ ಗುಡ್ಡೆ ಹಾಕಿದ್ದರು. ಫ್ರೀಯಾಗಿ ಬಂದದ್ದು ಕಪ್ಪು ಶರ್ಟು. ಎದೆಯ ಮೇಲೆ ಒಂಟಿಕಾಲಲ್ಲಿ ನಿಂತ ದೊಡ್ಡ ಬಿಳಿ ಕೊಕ್ಕರೆ, ಅದರ ಕೊಕ್ಕಿನಲ್ಲಿ ಒಂದು ಬೀಗದ ಕೈ, ಕೆಳಗೆ ಬಳ್ಳಿ ಸುತ್ತಿಕೊಂಡ ಹಾಗೆ ಇಂಗ್ಲಿಷ್ ಅಕ್ಷರ. ಕಪ್ಪು ಬಣ್ಣ, ಕೊಳೆ ಕಾಣಲ್ಲ, ವಾಕಿಂಗಿಗೆ ಹಾಕ್ಕೊಳ್ಳಿ ಅಂದಳು ವರಲಕ್ಷ್ಮಿ. ಮಹದೇವ್ ಹಾಕಿಕೊಂಡ.

ಬಸವೇಶ್ವರನಗರದ ಪಾರ್ಕಿನಲ್ಲಿ ಮೂರನೇ ರೌಂಡು ಹಾಕುತ್ತಿದ್ದಾಗ ಎದುರಿಗೆ ಬಂದ ಒಬ್ಬ ಹಿರಿಯರು ಗಕ್ಕನೆ ನಿಂತರು. ಬೆಳ್ಳಗಿನ ಮೀಸೆ, ಮಂಕಿ ಕ್ಯಾಪು, ಕಂಕುಳಲ್ಲಿ ಮಡಚಿದ ಛತ್ರಿ. ಅವರ ಹೆಸರು ಗುರುಸಿದ್ದಯ್ಯ, ರಿಟೈರ್ಡ್ ಹೆಡ್ ಮಾಸ್ಟರು. ಅವರು ಮಹದೇವನ ಎದೆಯನ್ನೇ ದಿಟ್ಟಿಸಿ ನೋಡಿ, ಎಷ್ಟು ವರ್ಷದಿಂದ, ಅಂತ ಮೆಲ್ಲಗೆ ಕೇಳಿದರು. ವಾಕಿಂಗ್ ವಿಷಯ ಅಂದುಕೊಂಡ ಮಹದೇವ್, ಆರು ವರ್ಷ ಆಯ್ತು ಸಾರ್, ಅಂದ.

"ದಿನಾ?"

"ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಸಾರ್. ಮಳೆ ಬಂದ್ರೆ ಮನೇಲೇ."

"ಒಬ್ಬರೇನಾ?"

"ಒಬ್ಬನೇ. ನಮ್ಮನೆಯವರಿಗೆ ಮಂಡಿ ನೋವು, ತಡ್ಕೊಳ್ಳೋಕೆ ಆಗಲ್ಲ."

ಗುರುಸಿದ್ದಯ್ಯನವರ ಕಣ್ಣಲ್ಲಿ ನೀರು ಬಂತು. ತಮ್ಮ ಮನೆಯವರಿಗೂ ತಡೆದುಕೊಳ್ಳೋಕೆ ಆಗಲ್ಲ ಅಂದರು. ಮಹದೇವನ ಕೈ ಹಿಡಿದುಕೊಂಡು ಹೋಗಿ ಕಲ್ಲುಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದರು.

ಅವನ ಎದೆಯ ಮೇಲಿರುವುದು ಮಾರ್ಬಲ್ ಹೆರನ್, ಅಂದರೆ ಅಮೃತಶಿಲೆ ಕೊಕ್ಕರೆ, ಅನ್ನುವ ವಿಲಾಯಿತಿ ಬ್ಯಾಂಡಿನ ಗುರುತಂತೆ. ಪ್ರೋಗ್ರೆಸಿವ್ ರಾಕ್ ಅಂತ ಒಂದು ಜಾತಿಯ ಸಂಗೀತ. ಐವತ್ತು ಚಿಲ್ಲರೆ ವರ್ಷದಿಂದ ನಡೀತಾ ಇದೆ, ಹದಿನಾರು ಆಲ್ಬಮ್ ಬಂದಿದೆ. ಒಂದೊಂದು ಹಾಡು ಇಪ್ಪತ್ತು, ಇಪ್ಪತ್ತೈದು ನಿಮಿಷ. ಮೊದಲಿದ್ದ ಐವರಲ್ಲಿ ಈಗ ಉಳಿದಿರೋದು ಒಬ್ಬ, ಅವನೂ ಕುರ್ಚಿ ಮೇಲೆ ಕೂತೇ ನುಡಿಸೋದು. ರಾಜಾಜಿನಗರ ಆರನೇ ಬ್ಲಾಕಿನ ಒಂದು ಟೈಲರ್ ಅಂಗಡಿ ಮಹಡಿ ಮೇಲೆ ನಾಲ್ಕು ಜನ ಅಭಿಮಾನಿಗಳು ತಿಂಗಳಿಗೆ ಎರಡು ಭಾನುವಾರ ಸೇರುತ್ತಾರೆ. ಹದಿನಾರರಲ್ಲಿ ಅತಿ ಶ್ರೇಷ್ಠ ಆಲ್ಬಮ್ ಯಾವುದು ಅನ್ನುವ ಪ್ರಶ್ನೆ ಹನ್ನೊಂದು ವರ್ಷದಿಂದ ತೀರ್ಮಾನ ಆಗಿಲ್ಲ. ಗುರುಸಿದ್ದಯ್ಯನವರು ಮತ್ತು ಸೇತುರಾಮ ಮೂರನೆಯದು ಅನ್ನುತ್ತಾರೆ. ದೊಡ್ಡಹನುಮಯ್ಯ ಮತ್ತು ಫಕೀರೇಶ ಹನ್ನೆರಡನೆಯದು ಅನ್ನುತ್ತಾರೆ. ಎರಡು ಎರಡು. ಐದನೆಯವರೊಬ್ಬರು ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಯಾವಾಗಲೋ ಮುಗಿಯುತ್ತಿತ್ತು.

ಇಷ್ಟು ಕೇಳಿದ ಮೇಲೆ ಮಹದೇವ್, ಸಾರ್ ಇದು ಫ್ರೀ ಶರ್ಟು, ನಾನು ಹೇಳಿದ್ದು ವಾಕಿಂಗ್ ವಿಷಯ, ಅನ್ನಬೇಕಾಗಿತ್ತು. ಬಾಯಿ ತೆರೆದ ಕೂಡ. ಅಷ್ಟರಲ್ಲಿ ಗುರುಸಿದ್ದಯ್ಯನವರು ಅವನ ಎರಡೂ ಕೈ ಹಿಡಿದು ಒಂದು ಮಾತು ಅಂದುಬಿಟ್ಟರು.

"ಬರೋ ಭಾನುವಾರ ಬರ್ಬೇಕು ನೀವು. ನಮಗೆ ನಿಮ್ಮ ಅಭಿಪ್ರಾಯ ಬೇಕು."

ಅಭಿಪ್ರಾಯ ಅನ್ನುವ ಮಾತು ಕಿವಿಗೆ ಬಿದ್ದಿದ್ದೇ ತಡ, ಮಹದೇವನ ತೆರೆದ ಬಾಯಿಂದ ನಿಜ ಬರುವ ಬದಲು "ಆಗ್ಲಿ ಸಾರ್" ಬಂತು. ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಖುಷಿಯೋ ಖುಷಿ. ಬಾಗಿಲ ಹತ್ತಿರ ಬಂದವನು ಚಪ್ಪಲಿ ಬಿಡದೆ ಅಲ್ಲೇ ನಿಂತುಬಿಟ್ಟ. ಅಭಿಪ್ರಾಯ ಕೇಳುವ ಜನ ಕೊನೆಗೂ ಸಿಕ್ಕಿದ್ದರು, ಆದರೆ ಅವನ ಹತ್ತಿರ ಕೊಡೋದಕ್ಕೆ ಅಭಿಪ್ರಾಯವೇ ಇರಲಿಲ್ಲ.

ಶರಣ್ಯಾ ಫೋನಿನಲ್ಲಿ ಹದಿನಾರೂ ಆಲ್ಬಮ್ ಹುಡುಕಿಕೊಟ್ಟಳು. ಒಟ್ಟು ಹದಿಮೂರು ಗಂಟೆ ಅಪ್ಪ, ಏನಾಗಿದೆ ನಿನಗೆ, ಅಂತ ಹಣೆ ಮುಟ್ಟಿ ನೋಡಿದಳು. ಸೋಮವಾರ ಫ್ಯಾಕ್ಟರಿಗೆ ಹೋಗುವಾಗ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಮೊದಲನೆಯದನ್ನು ಹಾಕಿದ. ಬಸ್ಸು ಮಾಗಡಿ ರಸ್ತೆ ಮುಟ್ಟಿದರೂ ಹಾಡು ಶುರುವಾಗಿರಲಿಲ್ಲ, ಇನ್ನೂ ಗಾಳಿ ಬೀಸುತ್ತಿತ್ತು. ಫೋನು ಕೆಟ್ಟಿರಬೇಕು ಅಂತ ಅವನು ಎರಡು ಸಲ ಆಫ್ ಮಾಡಿ ಆನ್ ಮಾಡಿದ. ಪ್ರತಿ ಸಲವೂ ಗಾಳಿ ಮೊದಲಿಂದ ಬೀಸಿತು.

ಅದೇ ಸಂಜೆ ಅವನ ಮನೆ ಗೇಟಿನ ಮುಂದೆ ಇಬ್ಬರು ಬಂದು ನಿಂತರು. ಒಬ್ಬರು ದೊಡ್ಡಹನುಮಯ್ಯ, ಭಾರೀ ಆಳು, ಮೊದಲು ಬಸ್ ಕಂಡಕ್ಟರಾಗಿದ್ದವರು, ಪಿಸುಗುಟ್ಟಿದರೂ ಹಿಂದಿನ ಬಾಗಿಲವರೆಗೆ ಕೇಳಿಸುವ ಗಂಟಲು. ಜೊತೆಗೆ ಲಕ್ಷ್ಮೇಶ್ವರದ ಕಡೆಯಿಂದ ಬಂದು ಇಲ್ಲೊಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವ ಫಕೀರೇಶ. ಇಬ್ಬರ ಮೈಮೇಲೂ ಕಪ್ಪು ಶರ್ಟು, ಶರ್ಟಿನ ಮೇಲೆ ಕೊಕ್ಕರೆ. ಕೈಯಲ್ಲಿ ಸೇಬಿನ ತಟ್ಟೆ. ಗುರುಸಿದ್ದಯ್ಯನವರು ಐದನೆಯವರನ್ನು ಹಿಡಿದ ಸುದ್ದಿ ಇವರಿಗೆ ಮಧ್ಯಾಹ್ನವೇ ಮುಟ್ಟಿತ್ತು. ದೊಡ್ಡಹನುಮಯ್ಯ ಗೇಟಿನಿಂದಲೇ ಎರಡೂ ಕೈ ತಲೆಯ ಮೇಲೆತ್ತಿ ಮುಗಿದು, ತಮ್ಮ ಕಡೆಗೊಂದು ವೋಟು ಹಾಕಬೇಕು, ಎಲ್ಲ ನಿಮ್ಮ ಕೈಲೇ ಇದೆ ಮಹದೇವಣ್ಣ, ಅಂದರು. ಮಾರನೇ ದಿನ ಸಂಜೆ ಗುರುಸಿದ್ದಯ್ಯನವರು ಸೇತುರಾಮನನ್ನು ಕರೆದುಕೊಂಡು ಬಂದರು. ಅದೇ ಕೊಕ್ಕರೆ, ಅದೇ ಕೈಮುಗಿಯೋದು, ತಟ್ಟೆಯಲ್ಲಿ ಸೇಬಿನ ಬದಲು ಸೀತಾಫಲ. ಸೇತುರಾಮ ಮಾತಾಡುವ ಪೈಕಿ ಅಲ್ಲ. ಗುರುಸಿದ್ದಯ್ಯನವರು ಏನು ಹೇಳಿದರೂ ತಲೆಯಾಡಿಸುತ್ತಾನೆ.

ಇಷ್ಟನ್ನೂ ಎದುರು ಮನೆ ಲಿಂಗಮ್ಮ ತನ್ನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ನೋಡಿದಳು. ಲಿಂಗಮ್ಮ ಆ ಬೀದಿಯಲ್ಲಿ ನಲವತ್ತು ವರ್ಷದಿಂದ ಇರುವವಳು, ಎಷ್ಟೋ ಚುನಾವಣೆ ಕಂಡವಳು. ಕಾರ್ಪೊರೇಷನ್ ಚುನಾವಣೆ ಇವತ್ತು ಬರತ್ತೆ ನಾಳೆ ಬರತ್ತೆ ಅಂತ ವರ್ಷಗಟ್ಟಲೆ ಕಾದಿದ್ದವಳು. ಒಂದೇ ಥರದ ಬಟ್ಟೆ ಹಾಕಿಕೊಂಡ ಗಂಡಸರು ಜೋಡಿ ಜೋಡಿಯಾಗಿ ಬಂದು, ಎದೆ ಮೇಲೆ ಒಂದು ಗುರುತು ಹೊತ್ತು, ತಟ್ಟೆ ಹಿಡಿದು, ಕೈ ಮುಗಿದು ವೋಟು ಅಂದರೆ ಅದು ಏನು ಅನ್ನೋದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಅವರೆಕಾಳಿನ ಬಟ್ಟಲು ಅಲ್ಲೇ ಬಿಟ್ಟು ಬಂದು, ಕೊಕ್ಕರೆ ಯಾವ ಪಕ್ಷದ್ದು, ಅಂತ ವರಲಕ್ಷ್ಮಿಯನ್ನು ಕೇಳಿದಳು.

ವರಲಕ್ಷ್ಮಿಗೆ ಏನೂ ಗೊತ್ತಿರಲಿಲ್ಲ. ಆದರೆ ತನ್ನ ಗಂಡನ ಬಗ್ಗೆ ಎದುರು ಮನೆಯವರು ತಗ್ಗಿದ ದನಿಯಲ್ಲಿ ಕೇಳುತ್ತಿರುವುದು ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. "ಈಗ್ಲೇ ಯಾರಿಗೂ ಹೇಳ್ಬೇಡಿ ಲಿಂಗಮ್ಮನೋರೇ" ಅಂದಳು.

ಲಿಂಗಮ್ಮ ಯಾರಿಗೂ ಹೇಳಲಿಲ್ಲ, ಹಾಲಿನವನಿಗೆ ಬಿಟ್ಟು. ಬುಧವಾರ ಬೆಳಿಗ್ಗೆ ಮಹದೇವ್ ಹಾಲು ತರಲು ಹೋದಾಗ ಸಾಲಿನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಇಸ್ತ್ರಿ ಅಂಗಡಿಯವನು ಕೊಕ್ಕರೆ ಶರ್ಟನ್ನು ಮಾತ್ರ ಬೇರೆ ಇಟ್ಟು, ಮೇಲೊಂದು ಬಟ್ಟೆ ಹಾಸಿ ಉಜ್ಜಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಹೊಸ ಪಕ್ಷವಂತೆ, ಎರಡು ಬಣ ಇದೆಯಂತೆ, ಎರಡೂ ಬಣದವರು ನಮ್ಮ ಮಹದೇವನ ಕಾಲು ಹಿಡೀತಾ ಇದಾರಂತೆ ಅನ್ನುವ ಮಟ್ಟಿಗೆ ಸುದ್ದಿ ಬಲಿತಿತ್ತು. ಮಹದೇವ್ ಇದ್ಯಾವುದನ್ನೂ ಗಮನಿಸಲಿಲ್ಲ. ಅವನ ಕಿವಿಯಲ್ಲಿ ಎರಡನೇ ಆಲ್ಬಮ್ಮಿನ ಗಂಟೆ ಬಡಿಯುತ್ತಿತ್ತು.

ಅವನ ಮನೆ ಮುಂದೆ ಒಂದು ಗುಂಡಿ ಇತ್ತು. ಯಾವುದೋ ಕೇಬಲ್ಲಿನವರು ತೋಡಿ ಹಾಗೇ ಬಿಟ್ಟುಹೋಗಿ ಎಂಟು ತಿಂಗಳಾಗಿತ್ತು. ವರಲಕ್ಷ್ಮಿ ಅದಕ್ಕೆ ಹಲಗೆ ಹಾಕಿಕೊಂಡು ಓಡಾಡುತ್ತಿದ್ದಳು. ಗುರುವಾರ ಸಂಜೆ ವಾರ್ಡಿನ ಇಂಜಿನಿಯರು ಸ್ಕೂಟರಿನಲ್ಲಿ ಬಂದು ಗುಂಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಇದು ನಮ್ಮ ಗಮನಕ್ಕೇ ಬಂದಿರಲಿಲ್ಲ ಮೇಡಂ ಅಂದರು. ಸಾಹೇಬರು ಇದಾರಾ ಅಂತ ಕೇಳಿದರು. ಸಾಹೇಬರು ಒಳಗೆ ಕಣ್ಣುಮುಚ್ಚಿ ನಾಲ್ಕನೇ ಆಲ್ಬಮ್ ಕೇಳುತ್ತಾ ಕೂತಿದ್ದರು. ಕಿಟಕಿಯಿಂದ ಇಣುಕಿದ ಇಂಜಿನಿಯರಿಗೆ ಅದು ಧ್ಯಾನದ ಹಾಗೆ ಕಂಡಿತು. ಡಿಸ್ಟರ್ಬ್ ಮಾಡೋದು ಬೇಡ ಅಂತ ಹೇಳಿ ಅವರು ತುದಿಗಾಲಲ್ಲಿ ಹೋದರು.

ಶನಿವಾರ ಬೆಳಿಗ್ಗೆ ಎಲ್ಲ ಮಿತಿ ಮೀರಿತು. ಗುರುಸಿದ್ದಯ್ಯನವರು ಸೇತುರಾಮನನ್ನು ಅವನ ಕಾರಿನ ಸಮೇತ ಕರೆತಂದು, ಮನೆಯಲ್ಲಿ ಗಲಾಟೆ ಜಾಸ್ತಿ, ಎಲ್ಲಾದರೂ ಶಾಂತವಾಗಿ ಕೂತು ಕೇಳೋಣ ಬನ್ನಿ, ಅಂತ ಮಹದೇವನನ್ನು ಹತ್ತಿಸಿಕೊಂಡರು. ನಾಯಂಡಹಳ್ಳಿ ದಾಟುವಾಗ, ನಿಮ್ಮ ಫೋನು ನನ್ನ ಹತ್ರ ಇರ್ಲಿ, ಅಂತ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಕೆಂಗೇರಿ ಉಪನಗರ ದಾಟಿತು. ಕಾರು ಕೊನೆಗೆ ನಿಂತದ್ದು ಗೇಟಿನಲ್ಲಿ ಸಿಮೆಂಟಿನ ಜಿಂಕೆಗಳಿದ್ದ ಒಂದು ರೆಸಾರ್ಟಿನ ಮುಂದೆ. ಹನ್ನೊಂದು ವರ್ಷ ಪಾಠ ಕಲಿಸಿರುತ್ತದೆ. ಎರಡು ಎರಡು ಇದ್ದಾಗ ಐದನೆಯವರನ್ನು ಮತದಾನದ ಹಿಂದಿನ ದಿನ ಎಲ್ಲಿಡಬೇಕು ಅನ್ನೋದನ್ನು ಈ ರಾಜ್ಯದಲ್ಲಿ ಪೇಪರ್ ಓದುವ ಯಾರಾದರೂ ಬಲ್ಲರು, ಹೆಡ್ ಮಾಸ್ಟರಿಗೆ ಗೊತ್ತಿರುವುದಿಲ್ಲವೇ?

ಇತ್ತ ಹತ್ತು ಗಂಟೆಗೆ ದೊಡ್ಡಹನುಮಯ್ಯ ಫಕೀರೇಶನ ಜೊತೆ ಇನ್ನೊಂದು ತಟ್ಟೆ ಹಿಡಿದು ಮಹದೇವನ ಮನೆಗೆ ಬಂದರು. ಮಾಸ್ಟರು ಕಾರಲ್ಲಿ ಎಲ್ಲೋ ಶಾಂತವಾದ ಜಾಗಕ್ಕೆ ಕರ್ಕೊಂಡು ಹೋದರು ಅಂತ ವರಲಕ್ಷ್ಮಿ ಹೇಳಿದ ಕೂಡಲೇ ಅವರಿಗೆ ಎಲ್ಲ ಹೊಳೆಯಿತು. ಗೇಟಿನ ಹತ್ತಿರವೇ ನಿಂತು, ಕಂಡಕ್ಟರಾಗಿದ್ದಾಗಿನ ಪೂರ್ತಿ ಗಂಟಲಲ್ಲಿ, ನಮ್ಮವರನ್ನ ರೆಸಾರ್ಟಿಗೆ ಹೊತ್ಕೊಂಡು ಹೋಗಿದಾರೆ, ಅಂದರು. ಫಕೀರೇಶ, "ಏ ಹಿಂಗ ಮಾಡಬಾರದಿತ್ರೀ ಹಿರೀಮನಷ್ಯಾ" ಅಂತ ಹಲಗೆಯ ಮೇಲೇ ಕೂತುಬಿಟ್ಟ. ಬೀದಿಯ ಆಚೆ ಮೂಲೆಯವರೆಗೆ ಬಾಗಿಲುಗಳು ತೆರೆದುಕೊಂಡವು. ವರಲಕ್ಷ್ಮಿ ಮೊದಲು ಹೆದರಿದಳು. ಲಿಂಗಮ್ಮ ಅವಳ ಭುಜ ಹಿಡಿದು ಧೈರ್ಯ ಹೇಳಿದಳು. ಇದರಲ್ಲಿ ಅಳೋದು ಏನೂ ಇಲ್ಲ, ರೆಸಾರ್ಟಿಗೆ ಸುಮ್ಮ ಸುಮ್ಮನೆ ಯಾರನ್ನಾದರೂ ಕರ್ಕೊಂಡು ಹೋಗ್ತಾರಾ, ನನ್ನ ಗಂಡನ್ನ ಯಾಕೆ ಕರ್ಕೊಂಡು ಹೋಗಲಿಲ್ಲ, ಅಂತ ಕೇಳಿದಳು. ಲಿಂಗಮ್ಮನ ಗಂಡ ಒಳಗಿಂದ ಕೆಮ್ಮಿದ. ಹನ್ನೆರಡು ಗಂಟೆಗೆ ಒಂದು ಟ್ರಾಕ್ಟರ್ ಜಲ್ಲಿ ಬಂತು. ಇಂಜಿನಿಯರು ಕೊಡೆ ಹಿಡಿದು ಖುದ್ದಾಗಿ ನಿಂತು ಗುಂಡಿ ಮುಚ್ಚಿಸಿದರು. ತಮಗೆ ಮನೆಯ ಹತ್ತಿರ ಒಂದು ವರ್ಗಾವಣೆ ಆಗಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದು ವರಲಕ್ಷ್ಮಿಯ ಕೈಗೆ ಕೊಟ್ಟರು. ಅವಳು ಅದನ್ನು ದೇವರ ಮುಂದೆ ಇಟ್ಟಳು.

ರೆಸಾರ್ಟಿನಲ್ಲಿ ಗುರುಸಿದ್ದಯ್ಯನವರು ಮೂರನೇ ಆಲ್ಬಮ್ಮನ್ನು ನಾಲ್ಕು ಸಲ ಹಾಕಿದರು. ಕೇಳುವಾಗ ನಡುವೆ ನಡುವೆ ಬೆರಳೆತ್ತಿ, ಈಗ ಬರತ್ತೆ, ಈಗ ಬರತ್ತೆ, ಅನ್ನುತ್ತಿದ್ದರು. ಏನು ಬಂತೋ ಮಹದೇವನಿಗೆ ಗೊತ್ತಾಗಲಿಲ್ಲ, ಆದರೂ ಬಂದಾಗೆಲ್ಲ ಹೂಂಗುಟ್ಟಿದ. ಮಧ್ಯಾಹ್ನದ ಊಟಕ್ಕೆ ಬಿಸಿಬೇಳೆ ಬಾತು, ಹೋಳಿಗೆ. ಊಟ ಆದ ಮೇಲೆ ಗುರುಸಿದ್ದಯ್ಯನವರು ಬೆತ್ತದ ಕುರ್ಚಿಯಲ್ಲಿ ಗೊರಕೆ ಹೊಡೆಯತೊಡಗಿದರು. ಹಾಡು ಹಾಕುವ ಪೆಟ್ಟಿಗೆಯ ಪಕ್ಕ ಹದಿನಾರೂ ಸಿ.ಡಿ.ಗಳು ಸಾಲಾಗಿದ್ದವು. ಎಂಟರವರೆಗೆ ಹೇಗೋ ಕೇಳಿ ಮುಗಿಸಿದ್ದ ಮಹದೇವ್, ಮುಂದಿನದನ್ನೂ ಕೇಳೋಣ ಅಂತ ಒಂಬತ್ತನೆಯದನ್ನು ಎತ್ತಿಕೊಂಡ.

ಅವತ್ತು ಸೇತುರಾಮ ಮೊದಲ ಸಲ ಬಾಯಿಬಿಟ್ಟ. ಅದನ್ನು ನಾವು ಯಾರೂ ಹಾಕಲ್ಲ ಸಾರ್, ಅಂದ. ಮೂವರು ಜಗಳ ಆಡಿಕೊಂಡು ಬ್ಯಾಂಡ್ ಬಿಟ್ಟುಹೋದ ಮೇಲೆ ಉಳಿದ ಇಬ್ಬರು ಯಾರದೋ ಅಡುಗೆಮನೆಯಲ್ಲಿ ಕೂತು ಮಾಡಿದ್ದಂತೆ. ಅದರ ಬಗ್ಗೆ ಮಾತಾಡೋದೇ ಅವಮಾನವಂತೆ. ಮಹದೇವ್ ಸುಮ್ಮನೆ ಹಾಕಿದ. ಡೋಲಿಲ್ಲ, ಗಂಟೆ ಇಲ್ಲ, ಗಾಳಿಯೂ ಇಲ್ಲ. ಹಾರ್ಮೋನಿಯಮ್ಮಿನ ಥರದ್ದೇನೋ ಒಂದು ವಾದ್ಯ ಏದುಸಿರು ಬಿಡುತ್ತಾ ಹೋಗುತ್ತಿತ್ತು, ಅದರ ಹಿಂದೆ ಒಬ್ಬ ಸಣ್ಣ ದನಿಯಲ್ಲಿ ಹಾಡುತ್ತಿದ್ದ. ಹನ್ನೊಂದನೇ ನಿಮಿಷಕ್ಕೆ ಹಾಡುವವನು ಸಾಲು ಮರೆತ. ತಡವರಿಸಿದ. ಇನ್ನೊಬ್ಬ ನುಡಿಸೋದು ನಿಲ್ಲಿಸಲಿಲ್ಲ, ಅದೇ ಸ್ವರ ಹಿಡಿದು ಕಾಯುತ್ತಾ ನಿಂತ. ಹಾಡುವವನು ಮೆತ್ತಗೆ ನಕ್ಕ, ಮತ್ತೆ ಶುರು ಮಾಡಿದ. ಅದನ್ನವರು ಅಳಿಸದೆ ಹಾಗೇ ಬಿಟ್ಟಿದ್ದರು.

ಮಹದೇವ್ ಪೆಟ್ಟಿಗೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡ. ಯಾಕೆ ಅಂತ ಕೇಳಿದ್ದರೆ ಹೇಳೋಕೆ ಆಗುತ್ತಿರಲಿಲ್ಲ, ಅದು ಅಷ್ಟು ಇಷ್ಟವಾಗಿತ್ತು. ಗೊರಕೆ ನಿಲ್ಲುವುದರೊಳಗೆ ಅವನು ಅದನ್ನು ಇನ್ನೊಂದು ಸಲ ಕೇಳಿದ.

ಭಾನುವಾರ ಹನ್ನೊಂದು ಗಂಟೆಗೆ ಟೈಲರ್ ಅಂಗಡಿಯ ಮಹಡಿ ಮೇಲೆ ಸಭೆ ಸೇರಿತು. ಕೆಳಗೆ ರಸ್ತೆಯಲ್ಲಿ ಇನ್ನೊಂದು ಸಭೆ ಸೇರಿತ್ತು. ಲಿಂಗಮ್ಮ ಎರಡು ಆಟೋ ತುಂಬ ಬೀದಿಯವರನ್ನು ಕರೆದುಕೊಂಡು, ಮೊಳಕಾಲು ಮುಟ್ಟುವ ಸೇವಂತಿಗೆ ಹಾರ ಹಿಡಿದು ಬಂದಿದ್ದಳು. ಟಿಕೆಟ್ ತೀರ್ಮಾನ ಇವತ್ತೇ ಅಂತ ದೊಡ್ಡಹನುಮಯ್ಯನ ಬಾಯಿಂದ ಅವಳು ಹೊರಡಿಸಿದ್ದು ಹೇಗೋ ಏನೋ. ಇವತ್ತೇ ತೀರ್ಮಾನ ಅಂತ ಅವರು ಹೇಳಿದ್ದಂತೂ ನಿಜ. ಇಂಜಿನಿಯರು ಸ್ವಲ್ಪ ದೂರದಲ್ಲಿ, ಗೆದ್ದರೆ ಹತ್ತಿರ ಬರಲು, ಸೋತರೆ ಸ್ಕೂಟರ್ ಹತ್ತಲು ಅನುಕೂಲವಾಗುವ ಹಾಗೆ ನಿಂತಿದ್ದರು.

ಮೇಲೆ ದೊಡ್ಡಹನುಮಯ್ಯ ರೆಸಾರ್ಟಿನ ವಿಷಯ ಎತ್ತಿ ಅರ್ಧ ಗಂಟೆ ಕೂಗಾಡಿದರು. ಗುರುಸಿದ್ದಯ್ಯನವರು, ಆಯ್ತು, ಈಗ ಅವರೇ ಹೇಳಲಿ, ಅಂದರು. ನಾಲ್ಕು ಕೊಕ್ಕರೆಗಳು ಐದನೆಯದರ ಕಡೆ ತಿರುಗಿದವು. ಮಹದೇವ್ ಎದ್ದು ನಿಂತ.

"ಮೊದಲು ಒಂದು ಮಾತು ಹೇಳ್ಬಿಡ್ತೀನಿ ಸಾರ್. ಈ ಶರ್ಟು ವಿಜಯನಗರದ ಫುಟ್‌ಪಾತಲ್ಲಿ ಫ್ರೀಯಾಗಿ ಬಂದಿದ್ದು. ಆರು ವರ್ಷದಿಂದ ಅಂದಿದ್ದು ವಾಕಿಂಗು. ಹೋದ ಭಾನುವಾರದ ತನಕ ಈ ಬ್ಯಾಂಡಿನ ಹೆಸರೂ ನಂಗೆ ಗೊತ್ತಿರ್ಲಿಲ್ಲ."

ಕೆಳಗಿನ ಹೊಲಿಗೆ ಮೆಷಿನ್ನಿನ ಸದ್ದು ಮೇಲಕ್ಕೆ ಕೇಳಿಸಿತು. ಸೇತುರಾಮ ಅಭ್ಯಾಸಬಲದಿಂದ ತಲೆಯಾಡಿಸಿದ.

"ಆದ್ರೂ ಕೇಳಿದೀನಿ. ಒಂಬತ್ತರ ತನಕ ಪೂರ್ತಿ, ಆಮೇಲೆ ರಾತ್ರಿ ರೆಸಾರ್ಟಲ್ಲೇ ಕೂತು ಮಿಕ್ಕಿದ್ದೂ ಕೇಳ್ದೆ. ಮೂರನೇದು ನಂಗೆ ಅರ್ಥ ಆಗ್ಲಿಲ್ಲ. ಹನ್ನೆರಡನೇದು ತಲೆನೋವು ಬಂತು. ಒಂಬತ್ತನೇದು ಚೆನ್ನಾಗಿದೆ. ಅದೇ ಎಲ್ಲಾದಕ್ಕಿಂತ ಚೆನ್ನಾಗಿದೆ. ಇದು ನನ್ನ ಅಭಿಪ್ರಾಯ."

ಫುಟ್‌ಪಾತ್ ಶರ್ಟನ್ನು, ಆರು ವರ್ಷದ ವಾಕಿಂಗನ್ನು ಯಾರೂ ತಲೆಗೆ ಹಾಕಿಕೊಳ್ಳಲೇ ಇಲ್ಲ. ಎಲ್ಲರನ್ನೂ ಕಚ್ಚಿದ್ದು ಒಂಬತ್ತನೆಯದು. ಗುರುಸಿದ್ದಯ್ಯನವರು, ಅದು ಸಂಗೀತವೇ ಅಲ್ಲ, ಅಂದರು. ದೊಡ್ಡಹನುಮಯ್ಯ, ಮಾಸ್ಟರು ಹೇಳಿದ್ದು ನೂರಕ್ಕೆ ನೂರು ಸರಿ, ಅಂದುಬಿಟ್ಟರು. ಈ ಮಾತು ಅವರ ಬಾಯಿಂದ ಹನ್ನೊಂದು ವರ್ಷದಲ್ಲಿ ಬಂದಿರಲಿಲ್ಲ. ಬಂದ ಮೇಲೆ ಅವರಿಗೇ ಗಾಬರಿಯಾಯಿತು. ಗುರುಸಿದ್ದಯ್ಯನವರು ಕುರ್ಚಿ ಎಳೆದುಕೊಂಡು ಅವರ ಪಕ್ಕಕ್ಕೆ ಬಂದು ಕೂತರು. ಫಕೀರೇಶ, "ಅಡಿಗೀಮನ್ಯಾಗ ಕುಂತು ಮಾಡಿದ್ದನ್ನ ಚೊಲೊ ಅಂತಾರಲ್ರೀ ಇವ್ರು" ಅಂತ ಸೇತುರಾಮನ ತೊಡೆ ತಟ್ಟಿದ. ಹತ್ತು ನಿಮಿಷದಲ್ಲಿ ಒಂದು ನಿರ್ಣಯ ತಯಾರಾಯಿತು. ಶ್ರೇಷ್ಠ ಆಲ್ಬಮ್ ಯಾವುದು ಅನ್ನುವುದನ್ನು ಮುಂದಕ್ಕೆ ಹಾಕಲಾಗಿದೆ, ಅತಿ ಕಳಪೆ ಆಲ್ಬಮ್ ಒಂಬತ್ತನೆಯದು ಅಂತ ನಾಲ್ಕು ಒಂದರ ಬಹುಮತದಿಂದ ಒಪ್ಪಲಾಗಿದೆ. ಮಹದೇವ್ ಮಾತ್ರ ಕೈ ಎತ್ತದೆ ಕೂತಿದ್ದ. ಇಲ್ಲ ಸಾರ್, ಅದು ಚೆನ್ನಾಗಿದೆ, ಅಂತ ಇನ್ನೊಂದು ಸಲ ಹೇಳಿದ. ಹೊರಡುವಾಗ ಗುರುಸಿದ್ದಯ್ಯನವರು ಅವನ ಫೋನು ವಾಪಸ್ ಕೊಟ್ಟು, ಮುಂದಿನ ಸಭೆಗೆ ತಪ್ಪಿಸಬೇಡಿ, ನಿಮ್ಮ ಹತ್ತಿರ ಜಗಳ ಬಾಕಿ ಇದೆ, ಅಂದರು.

ಮೆಟ್ಟಿಲಿಳಿದು ಬಂದವನನ್ನು ಲಿಂಗಮ್ಮ ಹಾರ ಹಿಡಿದೇ ಅಡ್ಡಗಟ್ಟಿದಳು. ಏನಾಯ್ತು ಅಂದಳು. ಆಗಲಿಲ್ಲ ಲಿಂಗಮ್ಮನೋರೇ, ನಾಲ್ಕು ಒಂದರಲ್ಲಿ ಹೋಯ್ತು, ಅಂದ ಮಹದೇವ್.

"ಅಯ್ಯೋ, ಒಂದೇ ವೋಟಾ? ಯಾವ ಪುಣ್ಯಾತ್ಮ ಹಾಕಿದ್ದು?"

"ನಾನೇ ಹಾಕ್ಕೊಂಡೆ" ಅಂದ ಮಹದೇವ್. ಹಾಗನ್ನುವಾಗ ಅವನ ಮುಖದಲ್ಲಿ ನಗು ಇತ್ತು. ಪಾಪ, ಆಘಾತ ಜಾಸ್ತಿ ಆಗಿದೆ ಅಂತ ಲಿಂಗಮ್ಮ ಎಲ್ಲರಿಗೂ ಹೇಳಿದಳು. ಇಂಜಿನಿಯರು ಸ್ಕೂಟರ್ ಹತ್ತಿದರು. ಹಾಕಿದ ಜಲ್ಲಿಯನ್ನು ವಾಪಸ್ ತೆಗೆಸುವುದಕ್ಕೆ ಯಾವ ನಿಯಮವೂ ಇಲ್ಲವಾದ್ದರಿಂದ ಗುಂಡಿ ಮುಚ್ಚಿಯೇ ಉಳಿಯಿತು.

ಮನೆಗೆ ಬಂದು ಮಹದೇವ್ ವರಲಕ್ಷ್ಮಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದ. ಪಕ್ಷ ಇಲ್ಲ, ಟಿಕೆಟ್ ಇಲ್ಲ, ಕೊಕ್ಕರೆ ಹಾಡಿನವರದ್ದು ಅಂತ ತಿಳಿದಾಗ ಅವಳು ಒಳಗೆ ಹೋಗಿ, ದೇವರ ಮುಂದಿನ ಚೀಟಿ ತೆಗೆದು ಮಡಚಿ ಹರಿದಳು. ಊಟಕ್ಕೆ ತಟ್ಟೆ ಇಟ್ಟಳು. ಅನ್ನ ಬಡಿಸುತ್ತಾ, ಹಾಕಿ ನೋಡೋಣ, ಏನದು ಅಷ್ಟು ದೊಡ್ಡ ಒಂಬತ್ತನೇದು, ಅಂದಳು. ಮಹದೇವ್ ಹಾಕಿದ. ಎರಡು ನಿಮಿಷ ಕೇಳಿದ ವರಲಕ್ಷ್ಮಿ, ಇದೇನ್ರೀ ಮಿಕ್ಸಿ ಕೆಟ್ಟಂಗೆ, ಆರಿಸಿ, ಅಂದಳು. ಇಪ್ಪತ್ತಾರು ವರ್ಷ ಆರಿಸಿ ಅಂದಾಗೆಲ್ಲ ಆರಿಸಿದ್ದವನು ಅವತ್ತು ಕೈ ಚಾಚಲಿಲ್ಲ.

"ಇಲ್ಲ ಕಣೇ, ಚೆನ್ನಾಗಿದೆ. ಹನ್ನೊಂದು ನಿಮಿಷ ಆಗ್ಲಿ ಇರು."

ವರಲಕ್ಷ್ಮಿ ಅವನ ಮುಖ ನೋಡಿದಳು, ಗಡಿಯಾರ ನೋಡಿದಳು, ಸಾರಿನ ಪಾತ್ರೆ ಕೆಳಗಿಟ್ಟು ಕೂತಳು. ಹನ್ನೊಂದನೇ ನಿಮಿಷಕ್ಕೆ ಹಾಡುವವನು ಮರೆತ, ತಡವರಿಸಿದ, ನಕ್ಕ, ಮತ್ತೆ ಹಿಡಿದ. ಹಾಡು ಮುಗಿಯುವವರೆಗೆ ಅವಳು ಏಳಲಿಲ್ಲ.

"ನಂಗೇನೂ ಹಿಡಿಸ್ಲಿಲ್ಲಪ್ಪ" ಅಂದಳು. ಸೌಟು ಕೈಗೆ ತಗೊಂಡವಳು ಮತ್ತೆ ಕೆಳಗಿಟ್ಟು ಕೇಳಿದಳು, "ನಿಮಗ್ಯಾಕೆ ಇಷ್ಟ ಆಯ್ತು? ಹೇಳಿ."

ಮಹದೇವ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಹೇಳೋಕೆ ಶುರು ಮಾಡಿದ. ಅನ್ನ ಆರಿತು, ಸಾರು ಆರಿತು, ಅವನು ಇನ್ನೂ ಹೇಳುತ್ತಲೇ ಇದ್ದ.